ಎಪ್ಪತ್ತೊಂದನೆಯ ನಿಮಿಷ

ಮಾರ್ಚ್ ೭, ಶನಿವಾರ, ಸಂಜೆ

೨–೧. ಗೆದ್ದೆವು. ಎರಡನೆಯ ಗೋಲು ಆಫ್‌ಸೈಡ್ ಎಂದು ಎದುರಿನವರು ಬಾಯಿ ಬಡಿದುಕೊಂಡರು. ಆಗಿರಲಿಲ್ಲ. ನಮ್ಮ ಸೀಟಿನಿಂದ ಗೆರೆ ಸರಿಯಾಗಿ ಕಾಣುತ್ತದೆ.

ಹಾಫ್ ಟೈಮಿನಲ್ಲಿ ಅಣ್ಣ ಎರಡು ಸಲ ಭುಜ ತಟ್ಟಿ ಎದ್ದ. ಟೀಗೆ ಎಂದು ಅರ್ಥ. ಅಪ್ಪನ ಕಾಲದಿಂದ ಇದೇ ಸನ್ನೆ, ಆ ಗದ್ದಲದಲ್ಲಿ ಮಾತು ಕೇಳುವುದಿಲ್ಲವಲ್ಲ. ಎರಡು ಕಪ್ ತಂದ.

"ಗೋಲ್‌ಕೀಪರ್ ಮುಂದಕ್ಕೆ ಬರ್ತಾನೇ ಇಲ್ಲ," ಎಂದ.

"ಮೊಣಕಾಲು ನೋವಿರ್ಬೇಕು."

ಆಮೇಲೆ ಗೇಟಿನಲ್ಲಿ ಅವನು ಎಡಕ್ಕೆ, ನಾನು ಬಲಕ್ಕೆ. ಒಂಬತ್ತು ವರ್ಷದಿಂದ ಹೀಗೇ. ಅವನ ಮನೆಗೆ ನಾನಿಲ್ಲ, ನನ್ನ ಮನೆಗೆ ಅವನಿಲ್ಲ. ಅಪ್ಪ ಕಾಯಂ ಮಾಡಿಸಿದ್ದ ಅಕ್ಕಪಕ್ಕದ ಸೀಟುಗಳನ್ನು ಮಾತ್ರ ಇಬ್ಬರೂ ಬಿಟ್ಟಿಲ್ಲ. ಅಲ್ಲಿ ಫುಟ್‌ಬಾಲ್ ಬಗ್ಗೆ ಮಾತಾಡುತ್ತೇವೆ. ಬೇರೆ ಏನೂ ಇಲ್ಲ.

ಮಾರ್ಚ್ ೧೩, ಶುಕ್ರವಾರ

ಕೊರೊನಾ ಎಂದು ಸೀಸನ್ ನಿಲ್ಲಿಸಿದ್ದಾರೆ. ಮುಂದಿನ ಸೂಚನೆಯವರೆಗೆ. ಸುದ್ದಿ ಕೇಳಿದಾಗ ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ರಿಪೇರಿ ಮಾಡುತ್ತಿದ್ದೆ, ಕೈ ತುಂಬ ಗ್ರೀಸ್. ಒಂಬತ್ತು ಪಂದ್ಯ ಬಾಕಿ. ನಾವು ನಾಲ್ಕನೇ ಸ್ಥಾನ.

"ಜನ ಸಾಯ್ತಾ ಇದ್ದಾರೆ, ನಿಮಗೆ ಪಾಯಿಂಟಿನ ಚಿಂತೆ," ಎಂದು ಹೆಂಡತಿ ಬೈದಳು. ಸರಿಯೇ. ಆದರೂ...

ಈ ಪುಸ್ತಕದಲ್ಲಿ ಪಂದ್ಯದ ದಿನ ಬಿಟ್ಟು ಬೇರೆ ದಿನ ಬರೆದವನಲ್ಲ. ಖಾಲಿ ಪುಟ ಬಹಳ ಉಳಿದಿವೆ. ಏನಾದರೂ ಗೀಚೋಣ.

ಮಾರ್ಚ್ ೨೧, ಶನಿವಾರ, ೪ ಗಂಟೆ

ಕೂತಲ್ಲಿ ಕೂರಲಾಗುತ್ತಿಲ್ಲ. ಸ್ಕಾರ್ಫ್ ಸುತ್ತಿಕೊಂಡು ಬಾಲ್ಕನಿಯಲ್ಲಿ ನಿಂತೆ. "ಯಾರನ್ನ ಹುರಿದುಂಬಿಸ್ತಾ ಇದ್ದೀರಿ? ಪಾರಿವಾಳನಾ?" ಹೆಂಡತಿ. ಬೀದಿಯಲ್ಲಿ ಒಂದು ನರಪಿಳ್ಳೆಯಿಲ್ಲ.

ನನ್ನ ಕೆಲಸ ಮಾತ್ರ ನಿಂತಿಲ್ಲ. ಲಿಫ್ಟ್ ಕೆಟ್ಟರೆ ಹೋಗಲೇಬೇಕು. ಈಗ ಲಿಫ್ಟಿನ ನಾಲ್ಕು ಮೂಲೆಗೆ ನಾಲ್ಕು ಜೊತೆ ಪಾದದ ಸ್ಟಿಕ್ಕರ್. ಗೋಡೆಗೆ ಮುಖ ಮಾಡಿ ನಿಲ್ಲಬೇಕಂತೆ. ಹೋಂವರ್ಕ್ ಮಾಡದವರ ಹಾಗೆ.

ಅಣ್ಣನೂ ಬಸ್ ಓಡಿಸುತ್ತಿದ್ದಾನೆ. ಆಸ್ಪತ್ರೆಯವರನ್ನು ಕರೆದೊಯ್ಯುವ ಬಸ್. ಅತ್ತಿಗೆ ಹೆಂಡತಿಗೆ ಹೇಳಿದ್ದು. ಅವರಿಬ್ಬರ ಮಾತು ಯಾವತ್ತೂ ನಿಂತಿಲ್ಲ. ಹಟವೆಲ್ಲ ನಮ್ಮಿಬ್ಬರದೇ.

ಏಪ್ರಿಲ್ ೪, ಶನಿವಾರ

ಫೋನ್ ಮಾಡಿದೆ. ಮಾಡುವವನಲ್ಲ, ಮಾಡಿಬಿಟ್ಟೆ. ನಾಲ್ಕಕ್ಕೆ ಸರಿಯಾಗಿ.

"ಏನು?" ಎಂದ.

ಏನು ಹೇಳಲಿ? ಕೈಗೆ ಸಿಕ್ಕ ಹಳೆಯ ವರ್ಷದ ಪುಸ್ತಕ ಬಿಚ್ಚಿ, ಸೀಟಿನಲ್ಲೇ ಕೂತು ನಿಮಿಷ ನಿಮಿಷ ಬರೆದಿದ್ದ ಪಂದ್ಯವೊಂದನ್ನು ಓದತೊಡಗಿದೆ. "ಒಂದನೇ ನಿಮಿಷ. ಟಾಸ್ ಅವರದು. ಗಾಳಿ ನಮ್ಮ ಕಡೆಗೆ..."

ಇಟ್ಟುಬಿಟ್ಟನೇನೋ ಅಂದುಕೊಂಡೆ. ಹದಿನೆಂಟನೇ ನಿಮಿಷಕ್ಕೆ, "ಅದು ಪೆನಾಲ್ಟಿ ಅಲ್ಲವೇ ಅಲ್ಲ," ಎಂದ.

ಹಾಫ್ ಟೈಮಿಗೆ ಇಬ್ಬರೂ ಫೋನ್ ಕಟ್ ಮಾಡದೆ ಟೀ ಮಾಡಿಕೊಂಡೆವು. ಅವನ ಕಡೆ ಚಮಚದ ಸದ್ದು. ತೊಂಬತ್ತು ನಿಮಿಷದ ಆಟ ನಲವತ್ತಕ್ಕೆ ಮುಗಿಯಿತು. ಇಟ್ಟ. ಬರ್ತೀನಿ ಇಲ್ಲ, ಹೋಗ್ತೀನಿ ಇಲ್ಲ. ಆದರೂ ಹೊಟ್ಟೆ ತುಂಬಿದ ಹಾಗಾಯಿತು.

ಏಪ್ರಿಲ್ ೧೮, ಶನಿವಾರ

ಮೂರನೇ ಪಂದ್ಯ. ೦–೪ ಸೋತದ್ದು. ಅಣ್ಣನೇ ಆರಿಸಿದ್ದು, ಆಮೇಲೆ ಅವನಿಗೇ ತಡೆಯಲಾಗಲಿಲ್ಲ.

"ಒಂದಾದ್ರೂ ಗೋಲು ನಮಗೆ ಸೇರಿಸ್ಕೊಂಡು ಓದೋ. ಯಾರು ನೋಡ್ತಾರೆ?"

"ಬರೆದಿರೋದನ್ನೇ ಓದೋದು."

"ಗುಮಾಸ್ತ ಕಣೋ ನೀನು. ಸಾಯೋತನಕ ಗುಮಾಸ್ತ."

ಗುಮಾಸ್ತ! ಚಿಕ್ಕಂದಿನಲ್ಲಿ ಅವನೇ ಇಟ್ಟ ಹೆಸರು. ಅಮ್ಮ ಹೋದ ಮೇಲೆ ಅವನ ಬಾಯಿಂದ ಕೇಳಿರಲಿಲ್ಲ. ಸಂತೋಷವಾಯಿತು. ಇಲ್ಲಿ ಬರೆದುಕೊಳ್ಳಲು ಯಾರಪ್ಪನ ಭಯ.

ಕೆಮ್ಮುತ್ತಿದ್ದ. ಕೇಳಿದರೆ ಬಸ್ಸಿನ ಧೂಳು ಎಂದ.

ಏಪ್ರಿಲ್ ೨೩, ಗುರುವಾರ

ಅಣ್ಣ ಆಸ್ಪತ್ರೆಯಲ್ಲಿ. ನಾಲ್ಕನೇ ಮಹಡಿ. ಆಕ್ಸಿಜನ್ ಕೊಡುತ್ತಿದ್ದಾರೆ. ಯಾರನ್ನೂ ಬಿಡುವುದಿಲ್ಲ, ಅತ್ತಿಗೆಯನ್ನೂ. ಕೆಲಸಕ್ಕೆ ಹೋದೆ. ಒಂದು ನಟ್ಟನ್ನು ಮೂರು ಸಲ ಬಿಚ್ಚಿ ಹಾಕಿದೆ.

ಏಪ್ರಿಲ್ ೨೪, ಶುಕ್ರವಾರ

ಅದೇ ಆಸ್ಪತ್ರೆಯ ಸ್ಟ್ರೆಚರ್ ಲಿಫ್ಟ್ ಕೆಟ್ಟಿತು. ಬಾಗಿಲು ಮುಚ್ಚುತ್ತಿರಲಿಲ್ಲ. ಹತ್ತು ನಿಮಿಷದ ಕೆಲಸ. ಮುಗಿದ ಮೇಲೂ ಟೆಸ್ಟಿಂಗ್ ನೆಪದಲ್ಲಿ ನಾಲ್ಕನೇ ಮಹಡಿಗೆ ಎರಡು ಸಲ ಹೋದೆ. ಬಾಗಿಲು ತೆರೆದರೆ ಪ್ಲಾಸ್ಟಿಕ್ ಪರದೆ. ಅದರಾಚೆ ವಾರ್ಡು. ಹನ್ನೆರಡು ಹೆಜ್ಜೆ ಇರಬಹುದು.

ಪರದೆಯ ಬಳಿ ನರ್ಸ್ ಒಬ್ಬಳು. ಅಣ್ಣನ ಬಗ್ಗೆ ಕೇಳಿದೆ.

"ಮೂರನೇ ಬೆಡ್ಡಾ? ನಮ್ಮ ಬಸ್ಸಿನೋರು! ನೀವು ತಮ್ಮನಾ? ನಾಳೆ ನಾಲ್ಕಕ್ಕೆ ಫೋನ್ ಮಾಡಿ, ನಾನೇ ಹಿಡ್ಕೋತೀನಿ." ಒಳಗೆ ಹೋಗಿ ಬಂದಳು. "ಅಮ್ಮನ ದಿನದ ಮ್ಯಾಚ್ ಓದ್ಬೇಕಂತೆ. ಹಾಗಂದ್ರೆ ನಿಮಗೆ ಗೊತ್ತಾಗುತ್ತೆ ಅಂದ್ರು."

ಗೊತ್ತಾಯಿತು.

ಅದೇ ದಿನ, ಸಂಜೆ

ಅಮ್ಮನ ದಿನ, ಒಂಬತ್ತು ವರ್ಷದ ಹಿಂದೆ. ಅಮ್ಮನಿಗೆ ಎದೆನೋವು ಎಂದು ಅತ್ತಿಗೆ ಅಣ್ಣನಿಗೆ ಫೋನ್ ಮಾಡಿದ್ದರು. ಆಟ ನಡೆಯುತ್ತಿತ್ತು. ಅವನು ನನ್ನ ಭುಜ ಎರಡು ಸಲ ತಟ್ಟಿ ಓಡಿದ. ಏಳು, ಬಾ ಎಂದು ಅವನ ಅರ್ಥ. ನಾನು ಟೀಗೆ ಅಂದುಕೊಂಡೆ. ನನ್ನ ಫೋನ್ ಕೆಲಸದ ಜಾಗದಲ್ಲೇ ಬಿಟ್ಟಿದ್ದೆ. ಆಟ ಮುಗಿಸಿ, ಹಾಡು ಗುನುಗಿಕೊಂಡು ಮನೆಗೆ ಹೋದೆ. ಅಮ್ಮ ಹೋಗಿಯಾಗಿತ್ತು.

"ಆಟದ ಮಧ್ಯೆ ಯಾವತ್ತು ಟೀಗೆ ಹೋಗಿದ್ದೀನಿ ನಾನು? ನನ್ನ ಮುಖ ನೋಡಿದೆ ನೀನು. ನೋಡಿನೂ ಕೂತೆ," ಎಂದ ಅಣ್ಣ. ಅಲ್ಲಿಗೆ ಮಾತು ಮುಗಿಯಿತು.

ಮುಖ ನೋಡಿದ್ದೆ. ಹೌದು. ನೋಡಿ ಏನು ಅಂದುಕೊಂಡೆ? ಕೇಳಿಕೊಂಡು ಕೇಳಿಕೊಂಡು ಈಗ ನನಗೇ ಅನುಮಾನ. ಆ ವರ್ಷದ ಪುಸ್ತಕ ಬೀರುವಿನ ಮೇಲಿದೆ, ಬಿಚ್ಚಿಲ್ಲ. ಹೆದರಿಕೆ. ಈಗ ಒಮ್ಮೆ ನೋಡಿಬಿಡಲೇ? ಬೇಡ. ಬರೆದದ್ದು ಏನೇ ಇರಲಿ, ಅವನ ಜೊತೆಗೇ ಓದುತ್ತೇನೆ.

ಏಪ್ರಿಲ್ ೨೫, ಶನಿವಾರ

ನರ್ಸ್ ಫೋನ್ ಹಿಡಿದಳು. ಅಣ್ಣನ ಉಸಿರು, ಹಿಂದೆ ಯಂತ್ರದ ಸದ್ದು. ಎಪ್ಪತ್ತನೇ ನಿಮಿಷದವರೆಗೆ ಒಂದೇ ಸಮ ಓದಿದೆ. ೦–೧, ನಾವು ಹಿಂದೆ. ಪುಟ ತಿರುಗಿಸಿದೆ. ಇದ್ದದ್ದು ಇದ್ದ ಹಾಗೆ ಓದಿದೆ. ಇಲ್ಲಿ ಮತ್ತೆ ಬರೆದಿಡುತ್ತೇನೆ:

"೭೧. ಅಣ್ಣ ಭುಜ ತಟ್ಟಿ ಎದ್ದ. ಈಗೇಕೆ ಟೀ? ಮುಖ ಬಿಳಿಚಿಕೊಂಡಿದೆ. ಸೋಲುತ್ತಿದ್ದೇವಲ್ಲ, ನೋಡಲಾಗುತ್ತಿಲ್ಲ ಅವನಿಗೆ.

೮೦. ಅಣ್ಣ ಇನ್ನೂ ಬಂದಿಲ್ಲ. ಟೀ ಕ್ಯೂ ಉದ್ದ ಇರಬೇಕು.

೮೮. ಗೋಲು! ೧–೧. ಅಪ್ಪಿಕೊಳ್ಳಲು ತಿರುಗಿದರೆ ಸೀಟು ಖಾಲಿ. ಎಂಥ ಗೋಲು ತಪ್ಪಿಸಿಕೊಂಡ, ಪಾಪ. ಮನೆಗೆ ಹೋಗಿ ಅವನಿಗೂ ಅಮ್ಮನಿಗೂ ಆ ಗೋಲು ಹೇಗೆ ಹೊಡೆದರೆಂದು ತೋರಿಸಬೇಕು."

ಅಲ್ಲಿಗೆ ನಿಲ್ಲಿಸಿದೆ.

"ಅವತ್ತೇ ಬರೆದಿದ್ದಾ?"

"ಅವತ್ತೇ. ಅಲ್ಲೇ ಕೂತು."

"ಹೂಂ. ಒಂದು ಗೋಲೂ ಸುಳ್ಳು ಬರೆಯೋನಲ್ಲ ನೀನು." ಉಸಿರೆಳೆದುಕೊಂಡ. "ಗುಮಾಸ್ತ... ಕೊನೇ ಎರಡು ನಿಮಿಷ ಉಳೀತಲ್ಲ. ಓದು."

ಓದಿದೆ. ಅಳುತ್ತ ಓದಿದೆ. ಆ ಎರಡು ನಿಮಿಷದಲ್ಲಿ ಬರೀ ಥ್ರೋ-ಇನ್ನುಗಳು.

ಮೇ ೨, ಶನಿವಾರ

ನಾಲ್ಕಕ್ಕೆ ಫೋನ್. ನರ್ಸ್ ತೆಗೆದಳು. ಮಾತಾಡುವ ಸ್ಥಿತಿಯಲ್ಲಿಲ್ಲ ಎಂದಳು.

ಮೇ ೯, ಶನಿವಾರ

ಅದೇ.

ಮೇ ೧೯, ಮಂಗಳವಾರ

ಅಣ್ಣ ಆಸ್ಪತ್ರೆಯಿಂದ ಮನೆಗೆ ಬಂದ! ಹದಿಮೂರು ಕೆಜಿ ಇಳಿದಿದ್ದಾನಂತೆ. "ಈಗ ಗೆರೆ ಪಕ್ಕ ವಿಂಗಲ್ಲಿ ಓಡೋಕೆ ಬಿಡ್ಬಹುದು," ಎಂದರಂತೆ ಅತ್ತಿಗೆ. ಹೆಂಡತಿ ನಕ್ಕು ನಕ್ಕು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಜೂನ್ ೨೦, ಶನಿವಾರ, ೩.೫೦

ಇವತ್ತಿನಿಂದ ಮತ್ತೆ ಪಂದ್ಯ. ಪ್ರೇಕ್ಷಕರಿಲ್ಲ, ಟಿವಿಯಲ್ಲೇ. ಅಣ್ಣನ ಮನೆಗೆ ಬಂದಿದ್ದೇನೆ. ಒಳಗಲ್ಲ. ಅವನಿಗಿನ್ನೂ ಶಕ್ತಿ ಬಂದಿಲ್ಲ, ನಾನೋ ಆಸ್ಪತ್ರೆ ಆಸ್ಪತ್ರೆ ಸುತ್ತುವವನು. ಕಿಟಕಿಯ ಹೊರಗೆ ಪ್ಲಾಸ್ಟಿಕ್ ಕುರ್ಚಿ. ಒಳಗೆ ಅಣ್ಣ, ಟಿವಿ ನನ್ನ ಕಡೆಗೂ ಸ್ವಲ್ಪ ತಿರುಗಿದೆ. ಗೇಟಿಗೆ ಬಣ್ಣ ಬದಲಾಗಿದೆ. ಯಾವಾಗ ಬದಲಾಯಿತೋ.

೪.೫೦

ಹಾಫ್ ಟೈಮ್. ೦–೦. ಕ್ಯಾಮೆರಾ ಒಮ್ಮೆ ನಮ್ಮ ಸೀಟುಗಳ ಮೇಲೆ ಹಾದುಹೋಯಿತು. ಖಾಲಿ. ಇಬ್ಬರೂ ಒಟ್ಟಿಗೆ ಬೆರಳು ತೋರಿಸಿದೆವು. ಅತ್ತಿಗೆ ಟೀ ತಂದು ಕಿಟಕಿಯ ಕಟ್ಟೆಯ ಮೇಲಿಟ್ಟರು. ಕುಡಿದೆ.

ಮತ್ತೆ ಶುರು.

ಕಾರ್ನರ್ ನಮಗೆ. ಎಲ್ಲರೂ ಮುಂದೆ ಬಂದಿದ್ದಾರೆ, ಗೋಲ್‌ಕೀಪರ್ ಕೂಡ. ಒಳಗಿನಿಂದ ಗಾಜು ತಟ್ಟಿದ ಸದ್ದು. ಎರಡು ಸಲ. ಟೀ ಆಗಲೇ ಆಗಿದೆಯಲ್ಲ. ತಿರುಗಿದೆ, ಅಣ್ಣ ಕೂತ ಕಡೆಯ ಗಾಜಿನ ಮೇಲೆ ಬಿಸಿಲು, ಅವನ ಮುಖ ಕಾಣುತ್ತಿಲ್ಲ. ಎಷ್ಟನೇ ನಿಮಿಷವೋ ನೋಡಲಿಲ್ಲ. ಕಾರ್ನರ್ ಹೋದರೆ ಹೋಗಲಿ, ಈ ಸಲ ನಾನು ಏಳುತ್ತಿ—