ಹದಿನೇಳನೇ ತಾರೀಖಿನ ಮೂರನೇ ಸಾಲು

ಬುಧವಾರ, ಮಧ್ಯಾಹ್ನ
ಪ್ರೆಸ್ಸಿನ ಪ್ರೂಫ್ ಕೋಣೆಯಿಂದ

ಪ್ರೀತಿಯ ಪುಟ್ಟಿಗೆ,

ಆಶೀರ್ವಾದ ಕೊನೆಯಲ್ಲಿ. ಮೊದಲು ಬೈಗುಳ ತಗೋ.

ನಿನ್ನ ಕಾಗದ ಬಂತು. ಮದುವೆ ಬರುವ ತಿಂಗಳು ಹದಿನೇಳಕ್ಕೇ ಎಂದು ಮತ್ತೆ ಬರೆದಿದ್ದೀಯ. ಅಲ್ಲ ಕಣೇ, ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು ನೀನು. ವರ್ಷದ ಅಷ್ಟೂ ದಿನಗಳಲ್ಲಿ ನಿಮ್ಮಪ್ಪ ಹೋದ ದಿನ ಒಂದನ್ನು ಕಳೆದರೆ ಎಷ್ಟು ಉಳಿಯುತ್ತದೆ ಎಂದು ನಾನು ಹೇಳಿಕೊಡಬೇಕೆ? ರಿಜಿಸ್ಟ್ರಾರ್ ಆಫೀಸಿನಲ್ಲಿ ಅದೊಂದೇ ದಿನ ಖಾಲಿ ಇತ್ತು ಎಂಬ ನಿನ್ನ ಮಾತನ್ನು ಆ ಆಫೀಸಿನ ಜವಾನನೂ ನಂಬುವುದಿಲ್ಲ. ಬೇಕೆಂದೇ ಹಿಡಿದ ದಿನ ಅದು. ಈ ಹಟ ಯಾರಿಂದ ಬಂತೋ ಗೊತ್ತಿಲ್ಲ, ನನ್ನಿಂದಂತೂ ಅಲ್ಲ.

ಹೋದ ತಿಂಗಳು ನೀನು ಮಾಡಿದ್ದನ್ನೂ ನಾನು ಮರೆತಿಲ್ಲ. ಹುಡುಗನನ್ನು ಮೊದಲ ಸಲ ಮನೆಗೆ ಕರೆತಂದವಳು ಸುಮ್ಮನೆ ಊಟ ಮಾಡಿ ಹೋಗಬಾರದಿತ್ತೆ? ಬರುವ ದಾರಿಯಲ್ಲೇ ಪ್ರೆಸ್ಸಿನ ಉಗ್ರಾಣಕ್ಕೆ ನುಗ್ಗಿ, ನಿಮ್ಮಪ್ಪ ಹೋದ ಮೇಲಿನ ಏಳು ವರ್ಷದ ದಿನದ ಕ್ಯಾಲೆಂಡರುಗಳಿಂದ ಆ ತಾರೀಖಿನ ಹಾಳೆಗಳನ್ನೇ ಹರಿದು ತಂದು, ಊಟದ ಮೇಜಿನ ಮೇಲೆ ಸಾಲಾಗಿ ಜೋಡಿಸಿದೆಯಲ್ಲ! ಕೊನೆಯ ಸಾಲಿನಲ್ಲಿ ಒಂದು ವರ್ಷ ಹಡಗು ಮುಳುಗಿದೆ, ಒಂದು ವರ್ಷ ಪೇಟೆಗೆ ಬೆಂಕಿ ಬಿದ್ದಿದೆ, ಒಂದು ವರ್ಷ ಸೇತುವೆ ಕುಸಿದಿದೆ. "ಲೋಕಾನೆಲ್ಲ ಕೂರಿಸ್ಕೊಂಡು ಅಳಿಸ್ತಿದ್ದೀಯಲ್ಲಮ್ಮ, ಅಪ್ಪನ ಮೂರನೇ ಸಾಲು ಎಲ್ಲಿ?" ಎಂದು ಆ ಹುಡುಗನ ಎದುರಿಗೇ ಕೇಳಿದೆ. ಅವನು ಸಾರಿನ ಬಟ್ಟಲಿನಲ್ಲಿ ಮುಖ ಹುದುಗಿಸಿಕೊಂಡ. ನನಗೆ ಎದ್ದು ಹೋಗಲು ಅಡುಗೆಮನೆ ಬಿಟ್ಟರೆ ಬೇರೆ ಜಾಗವೂ ಇರಲಿಲ್ಲ.

ಮೂರನೇ ಸಾಲಿನ ನಿಯಮ ನನಗೆ ನೀನು ನೆನಪಿಸಬೇಕಾಗಿಲ್ಲ. ಈ ಕ್ಯಾಲೆಂಡರಿನ ಪ್ರತಿ ಹಾಳೆಯ ಅಡಿಯಲ್ಲಿ "ಈ ದಿನ" ಎಂದು ಹಿಂದೆ ಅದೇ ತಾರೀಖಿನಂದು ನಡೆದ ಮೂರು ಘಟನೆ ಹಾಕುವ ಪದ್ಧತಿ ತಂದವರೇ ನಿಮ್ಮಪ್ಪ. ಮೊದಲೆರಡು ಸಾಲಿನಲ್ಲಿ ಯುದ್ಧ, ಸಾವು, ಏನು ಬೇಕಾದರೂ ಬರಲಿ, ಕೊನೆಯದು ಮಾತ್ರ ಒಳ್ಳೆಯದಿರಬೇಕು. "ಹರಿಯೋವಾಗ ಕಣ್ಣು ಕೆಳಗಿನ ಸಾಲಿನ ಮೇಲೇ ಬೀಳತ್ತೆ ಕಣೇ, ಅಲ್ಲಿ ಹೆಣ ಇಡಬಾರದು" ಎನ್ನುತ್ತಿದ್ದರು. ಅವರು ಆರಿಸುವುದು, ನಾನು ತಿದ್ದುವುದು. ಸಂಸಾರವೂ ಹಾಗೇ ನಡೆಯಿತು.

ಆ ಹದಿನೇಳರಂದು ಬೆಳಿಗ್ಗೆಯೂ ಹಾಳೆ ಹರಿದು, ಬಾಗಿಲಲ್ಲಿ ನಿಂತು ಮೂರನೇ ಸಾಲನ್ನು ಗಟ್ಟಿಯಾಗಿ ಓದಿದರು. ಯಾವುದೋ ಕಾಲದಲ್ಲಿ ಅಣ್ಣತಮ್ಮಂದಿರಿಬ್ಬರು ಬಲೂನಿನಲ್ಲಿ ಹೊಳೆ ದಾಟಿದ ಸಂಗತಿ. "ನಾವೂ ಒಂದಿನ ಹತ್ತೋಣ" ಎಂದು ನಕ್ಕು ಚಪ್ಪಲಿ ಮೆಟ್ಟಿದರು. ಪ್ರೆಸ್ಸಿನ ಸ್ಟಾಪಿನಲ್ಲಿ ಎಲ್ಲರೂ ಇಳಿದರೂ ಅವರು ಮಾತ್ರ ಬಸ್ಸಿನಿಂದ ಇಳಿಯಲಿಲ್ಲ. ಕಿಟಕಿಗೆ ಒರಗಿ ನಿದ್ದೆ ಮಾಡುತ್ತಿದ್ದಾರೆ ಎಂದುಕೊಂಡನಂತೆ ಕಂಡಕ್ಟರ್. ಮುಂದಿನ ವರ್ಷದಿಂದ ಆರಿಸುವ ಕೆಲಸವೂ ನನ್ನ ತಲೆಗೆ ಬಂತು. ಆ ಬಲೂನನ್ನು ನಾನು ಮತ್ತೆ ಹಾರಿಸಲಿಲ್ಲ. ತಪ್ಪೇನು?

ಈಗ ಊರವರೂ ನಿನ್ನ ಕಡೆ ಸೇರಿದ್ದಾರೆ. ರಿಟೈರಾದ ಪೋಸ್ಟ್‌ಮಾಸ್ಟರ್ ಒಬ್ಬರು ಪ್ರೆಸ್ಸಿನ ಯಜಮಾನರಿಗೆ ದೂರು ಬರೆದಿದ್ದಾರೆ. ಅವರು ಹುಟ್ಟಿದ್ದು ಅದೇ ತಾರೀಖಂತೆ. ಪ್ರತಿ ಹುಟ್ಟುಹಬ್ಬಕ್ಕೂ ಏನಾದರೊಂದು ಮುಳುಗುವುದೋ ಸುಡುವುದೋ ಆಗಿ, ಮೊಮ್ಮಕ್ಕಳು ಅವರನ್ನು "ಹಡಗಿನ ತಾತ" ಎಂದು ಕರೆಯುತ್ತಾರಂತೆ. ಯಜಮಾನರು ಆ ದೂರನ್ನು ನನ್ನ ಮೇಜಿನ ಮೇಲಿಟ್ಟು, ಫ್ಯಾನ್ ಜೋರು ಮಾಡಿ ಹೋದರು. ಬೈದಿದ್ದರೆ ಸರಿಯಾಗಿ ಉತ್ತರ ಕೊಡುತ್ತಿದ್ದೆ.

ಇನ್ನು ನಿನ್ನ ಹುಡುಗ, ಆ ಹಲ್ಲಿನ ಡಾಕ್ಟರ್. ಅವನಿಗೆ ಬೇರೆ ಕೆಲಸವಿಲ್ಲವೆ? ಮನೆಗೆ ಊಟಕ್ಕೆ ಬಂದ ಆವತ್ತಿನಿಂದ ವಾರಕ್ಕೊಂದು ಕಾರ್ಡು ಹಾಕುತ್ತಿದ್ದಾನೆ, ಹದಿನೇಳರಂದು ನಡೆದ ಒಳ್ಳೆಯ ಸಂಗತಿಗಳಂತೆ! ಒಂದಾದರೂ ಸರಿ ಇದ್ದರೆ ಕೇಳು. ಮೊದಲ ಕಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ರಾಜರನ್ನು ಸೇರಿಸಿ ಒಬ್ಬನನ್ನಾಗಿ ಮಾಡಿ, ಸತ್ತ ಮೇಲೂ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿದ್ದ. ಎರಡನೆಯದರಲ್ಲಿ ಹಲ್ಲುಜ್ಜುವ ಬ್ರಶ್ ಹುಟ್ಟಿದ ದಿನ ಎಂದ. ಎರಡು ದಿನ ಹುಡುಕಿದೆ, ಶುದ್ಧ ಸುಳ್ಳು. ಎಲ್ಲವನ್ನೂ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಿದ್ದೇನೆ. ನಾಚಿಕೆಯಾಗಿ ನಿಲ್ಲಿಸುತ್ತಾನೆ ಎಂದುಕೊಂಡರೆ, "ತಿದ್ದಿದ್ದಕ್ಕೆ ಥ್ಯಾಂಕ್ಸ್ ಅತ್ತೆ" ಎಂದು ಇನ್ನೊಂದು ಬಂತು! ಅದರಲ್ಲೂ ಎರಡು ತಪ್ಪು. ಮದುವೆಗೆ ಮೊದಲೇ ಅತ್ತೆ ಎನ್ನುವುದನ್ನೂ ಸೇರಿಸಿದರೆ ಮೂರು. ನಿಮ್ಮಪ್ಪನೂ ಮೊದಮೊದಲು ಹೀಗೇ ಶತಮಾನಗಳನ್ನು ಕಲಸಿಡುತ್ತಿದ್ದರು. ಅದು ಬೇರೆ ವಿಷಯ.

ಇವತ್ತು ಬೆಳಿಗ್ಗೆ ಮುಂದಿನ ವರ್ಷದ ಹದಿನೇಳರ ಪ್ರೂಫ್ ಮೇಜಿಗೆ ಬಂತು. ಒಂದನೇ ಸಾಲು ಹಡಗು, ಎರಡನೇ ಸಾಲು ಬೆಂಕಿ. ಮೂರನೆಯದಕ್ಕೆ ಒಂದು ಭೂಕಂಪ ತೆಗೆದಿಟ್ಟಿದ್ದೆ. ಪೆನ್ನು ಹಿಡಿದು ಕೂತರೆ ಆ ತಾತನ ಮೊಮ್ಮಕ್ಕಳು, ಮೇಜಿನ ಮೇಲೆ ನೀನು ಜೋಡಿಸಿದ ಹಾಳೆಗಳು, ಅವನ ಹಾಳು ಕಾರ್ಡುಗಳು, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಚಹಾ ಆರಿತು. ಮೆಷಿನ್ನಿನವನು ಎರಡು ಸಲ ಬಂದು, "ಅಮ್ಮಾ, ಮೂರನೇದು ಕೊಡ್ತೀರಾ ಹೇಗೆ? ಮೆಷಿನ್ ನಿಂತಿದೆ" ಎಂದ. ನಿನ್ನಿಂದಾಗಿ ನನಗೆ ಒಂದು ಭೂಕಂಪ ಬರೆಯಲೂ ಆಗದ ಹಾಗಾಗಿದೆ, ಗೊತ್ತಾಯಿತೆ?

ನಿಜ ಹೇಳಲೆ? ನನಗೆ ಆ ದಿನ ಕಂಡರೆ ಹೆದರಿಕೆ, ಪುಟ್ಟಿ. ಆವತ್ತು ಬೆಳಿಗ್ಗೆ ಎದ್ದು ಹಾಳೆ ಹರಿಯುವುದೇ ಕಷ್ಟ, ಹೊಸ ಸೀರೆ ಉಟ್ಟು ನಾಲ್ಕು ಜನರ ಎದುರು ನಗುವುದು ಹೇಗೆ? ಮದುವೆಯ ಫೋಟೊದಲ್ಲಿ ನಿನಗೆ ಅತ್ತು ಊದಿದ ಮುಖ ಬೇಕೆ? ಆ ದಿನಕ್ಕೂ ಒಂದು ಒಳ್ಳೆಯ ಸಾಲು ಸೇರಲಿ ಎಂದು ನೀನು ಬರೆದಿದ್ದೀಯ. ಬರೆಯುವುದು ಸುಲಭ. ಹದಿನಾರು ಇದೆ, ಹದಿನೆಂಟು ಇದೆ, ಎರಡೂ ಹಾಳೆಗಳಲ್ಲಿ ಬೇಕಾದಷ್ಟು ಒಳ್ಳೆಯದು ನಡೆದಿದೆ, ನಾನೇ ತಿದ್ದಿದ್ದೇನೆ. ಅಲ್ಲಿಗೆ ಬದಲಿಸು. ಇಲ್ಲವಾದರೆ ನನ್ನನ್ನು ಕರೆಯಬೇಡ, ನಾನು ಬರುವುದಿಲ್ಲ.

ಆಶೀರ್ವಾದವನ್ನು ನಿನ್ನ ಉತ್ತರ ಬರುವವರೆಗೆ ತಡೆಹಿಡಿದಿದ್ದೇನೆ.

ಇನ್ನೂ ಸಿಟ್ಟಿಳಿಯದ,
ನಿನ್ನ ಅಮ್ಮ

ಮರೆತ ಮಾತು: ಮೆಷಿನ್ನಿನವನು ಮೂರನೇ ಸಲ ಬಂದಿದ್ದ. ಆ ಹಾಳೆಯನ್ನು ಶನಿವಾರದವರೆಗೆ ತಡೆ ಎಂದು ಹೇಳಿದ್ದೇನೆ. ಅದು ಮುಂದಿನ ವರ್ಷದ ಹಾಳೆಯಾದ್ದರಿಂದ, ಜನ ಅದನ್ನು ಹರಿಯುವ ಹೊತ್ತಿಗೆ ಈ ಸಲದ ಹದಿನೇಳು ಆಗಿಹೋಗಿರುತ್ತದೆ, ಹಾಕಿದರೆ ನಡೆದದ್ದನ್ನೇ ಹಾಕಬೇಕೆಂಬ ನಿಯಮ ತಪ್ಪುವುದಿಲ್ಲ. ನಿನ್ನ ಹುಡುಗನ ಪೂರ್ತಿ ಹೆಸರು ಬರೆದು ಕಳಿಸು. ಅವನ ಕೈಲಿ ಬರೆಸಬೇಡ, ನೀನೇ ಬರೆ. ಎಷ್ಟು ಗಂಟೆಗೆ ಎಂಬುದನ್ನೂ ತಿಳಿಸು. ಅಚ್ಚಿಗೆ ಕೊಟ್ಟ ಮೇಲೆ, ನಡೆಯಿತೋ ಇಲ್ಲವೋ ಎಂದು ಬಂದು ನೋಡಲೇಬೇಕಲ್ಲ.