ಬೆಂಚಿನ ಮೇಲಿರುವವರು

ಮಾವ,

ನಿಮ್ಮ ಅಭಿನಂದನಾ ಗ್ರಂಥಕ್ಕೆ ನಾನು ನಾಲ್ಕು ಪುಟ ಬರೆದುಕೊಡಬೇಕಂತೆ. ಸಂಪಾದಕರು ಮೂರು ಸಲ ಫೋನ್ ಮಾಡಿದ್ದಾರೆ. "ಸೋದರಸೊಸೆಯೂ ನೀವೇ, ಅವರ ಕೈಕೆಳಗೆ ಹದಿನಾರು ವರ್ಷ ಪಳಗಿದವರೂ ನೀವೇ, ನೀವಲ್ದೆ ಇನ್ಯಾರು ಬರೀಬೇಕು ಮೇಡಂ?" ಎಂದರು. ಸರಿಯಾದ ಮಾತು. ಅದಕ್ಕೇ ಬರೆಯುತ್ತಿದ್ದೇನೆ, ಆದರೆ ಗ್ರಂಥಕ್ಕಲ್ಲ, ನಿಮಗೆ. ಮೊದಲು ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ. ನೀವೇ ಕೈಹಿಡಿದು ಕರೆದೊಯ್ದು ಸೇರಿಸಿದ ಶಾಲೆಯ ಇಂಗ್ಲಿಷು. ಎರಡು ಪ್ಯಾರಾ ಮುಗಿಯುವಷ್ಟರಲ್ಲಿ ಅದು ನಮ್ಮ ಇಲಾಖೆಯ ಉತ್ತರದ ಹಾಗೆ ನಯವಾಗಿ, ಯಾರಿಗೂ ತಾಗದಂತೆ ಹರಿಯತೊಡಗಿತು. ಹರಿದು ಹಾಕಿದೆ.

ಬಂದೀಖಾನೆ ಇಲಾಖೆಯ ಸದನ ಶಾಖೆಗೆ ನಾನು ಬಂದ ಮೊದಲ ದಿನ ನೆನಪಿದೆಯೇ? ಮೂರನೆಯ ಮಹಡಿ, ಬಾಗಿಲು ಪೂರ್ತಿ ಮುಚ್ಚದ ಕಬ್ಬಿಣದ ಬೀರುಗಳು, ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಕೊಳವೆಗಳು. ಶಾಸಕರು ಸದನದಲ್ಲಿ ಕೇಳುವ ಪ್ರಶ್ನೆಗಳು ಆ ಕೋಣೆಗೆ ಬರುತ್ತವೆ, ಅಲ್ಲಿಂದ ಉತ್ತರವಾಗಿ ಸಚಿವರ ಕೈಗೆ ಹೋಗುತ್ತವೆ. ನಾನು ಒಂದು ಪ್ರಶ್ನೆಯನ್ನು ಗಂಭೀರವಾಗಿ ಓದುತ್ತಾ ಕೂತಿದ್ದೆ. ನೀವು ಹಿಂದಿನಿಂದ ಬಂದು, "ಓದ್ಬೇಡ ಪುಟ್ಟಿ, ಅಳತೆ ತಗೋ. ಕೇಳಿದ್ದಕ್ಕಿಂತ ಒಂದು ನೂಲೂ ಹೆಚ್ಚು ಕೊಡ್ಬಾರ್ದು" ಎಂದಿರಿ. ಆಫೀಸಿನವರು ನಿಮ್ಮನ್ನು ಬೆನ್ನ ಹಿಂದೆ 'ಇಸ್ತ್ರಿಪೆಟ್ಟಿಗೆ' ಅನ್ನುತ್ತಿದ್ದರು, ಎಂಥ ಸುಕ್ಕುಗಟ್ಟಿದ ಪ್ರಶ್ನೆಯನ್ನೂ ಚಪ್ಪಟೆ ಮಾಡಿಬಿಡುತ್ತೀರೆಂದು. ಅದು ನಿಮಗೆ ಗೊತ್ತಿತ್ತು. ಪದಕ ಸಿಕ್ಕವರ ಹಾಗೆ ಎದೆ ಮುಂದೆ ಮಾಡಿಕೊಂಡು ಓಡಾಡುತ್ತಿದ್ದಿರಿ.

ನಿಮ್ಮ ವಿದ್ಯೆಯೆಲ್ಲ ಒಂದೇ ಪಟ್ಟಿನದು. ಪ್ರಶ್ನೆಯ ಮೊದಲ ಭಾಗಕ್ಕೆ ಹೇಗಾದರೂ ಮಾಡಿ 'ಇಲ್ಲ' ಎಂದುಬಿಟ್ಟರೆ ಉಳಿದ ಭಾಗಗಳಿಗೆಲ್ಲ 'ಉದ್ಭವಿಸುವುದಿಲ್ಲ' ಎಂದು ಬರೆದು ಊಟಕ್ಕೆ ಹೋಗಬಹುದು. ಮೋಸ ಹೋಗಲು ಸದನವೂ ತಯಾರಾಗಿಯೇ ಕೂತಿರುತ್ತಿತ್ತೆನ್ನಿ. ಪ್ರಶ್ನೆ ಕೇಳಿದವರೇ ಉತ್ತರದ ಹೊತ್ತಿಗೆ ಪಕ್ಕದವರ ಜೊತೆ ಕಿಸಿಕಿಸಿ ನಗುತ್ತಿರುತ್ತಿದ್ದರು. ನಮ್ಮ ಸಚಿವರಂತೂ ಕಡತ ಬಿಚ್ಚುವ ಮೊದಲೇ, "ಅದೆಲ್ಲ ಇರ್ಲಿ ಸಾಹೇಬ್ರೇ, ನಾನು ಯಾವ ಸಾಲು ಓದಿ ಕೂತ್ಕೋಬೋದು?" ಎಂದು ಕೇಳುತ್ತಿದ್ದರು. ನೀವು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದುಕೊಡುತ್ತಿದ್ದಿರಿ. ಜನರಿಗೆ ಲೆಕ್ಕ ಒಪ್ಪಿಸುವುದೆಂದರೆ ಇಷ್ಟೇ ಎಂದು ನಾನೂ ನಂಬಿದ್ದೆ. ನಂಬಿದ್ದೆನೋ, ನಂಬಿದರೆ ಹಾಯಾಗಿರುತ್ತದೆಂದು ಸುಮ್ಮನಿದ್ದೆನೋ, ಈಗಲೂ ಗೊತ್ತಿಲ್ಲ.

ಆ ಸೈನಿಕನ ವಿಷಯಕ್ಕೆ ಬರುತ್ತೇನೆ. ಅವನಿಗೆ ಇಪ್ಪತ್ತಾರು ವರ್ಷ. ರಜೆ ಮುಗಿದು ಹನ್ನೊಂದು ದಿನ ತಡವಾಗಿ ಮರಳಿದ. ಬಾಯಿಗೆ ಬಂದಂತೆ ಬೈದ ಮೇಲಧಿಕಾರಿಯ ಕಪಾಳಕ್ಕೆ ಬಾರಿಸಿದ. ಸೇನೆಯ ನ್ಯಾಯಾಲಯ ಎರಡು ವರ್ಷ ಶಿಕ್ಷೆ ಕೊಟ್ಟಿತು. ಸೇನೆಯವರಲ್ಲಿ ಜಾಗ ಸಾಲದೆಂದು ಇಂಥವರನ್ನು ನಮ್ಮ ಜೈಲಿನ ಒಂದು ಸಾಲಿನಲ್ಲಿ ಇಟ್ಟುಕೊಳ್ಳುವ ಏರ್ಪಾಡಿತ್ತು. ಅವನು ಮೂರು ದಿನ ಹೊಟ್ಟೆನೋವೆಂದು ಕಿರುಚಿದ. ಜೈಲಿನ ವೈದ್ಯರು 'ನಟನೆ' ಎಂದು ಬರೆದರು. ನಾಲ್ಕನೆಯ ದಿನ ಬೆಳಿಗ್ಗೆ ನಟನೆ ಅತಿಯಾಯಿತೆಂದು ಎಲ್ಲರಿಗೂ ಗಾಬರಿಯಾಯಿತು. ಆಗ ಮಾಡಬೇಕಾದದ್ದು ಅವನನ್ನು ಆಸ್ಪತ್ರೆಗೆ ಸಾಗಿಸುವುದು. ಮಾಡಿದ್ದು, ಹತ್ತು ಗಂಟೆಗೆ ಒಂದು ಚೀಟಿ ಬರೆದದ್ದು: 'ಸೇನೆಗೆ ಹಸ್ತಾಂತರಿಸಲಾಗಿದೆ.' ನಮ್ಮ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಗೆರೆ ಬಿತ್ತು. ಸೇನೆಯ ಗಾಡಿ ಬಂದದ್ದು ಸಂಜೆ ಐದಕ್ಕೆ. ಆ ಏಳು ಗಂಟೆ ಅವನು ಜೈಲಿನ ಗೇಟಿನ ಕೋಣೆಯಲ್ಲಿ, ಭೇಟಿಗೆ ಬಂದವರು ಕೂರುವ ಬೆಂಚಿನ ಮೇಲೆ ಮಲಗಿದ್ದ. ಅಲ್ಲೇ ಸತ್ತ. ಸೇನೆಯವರು ತಮ್ಮ ಪುಸ್ತಕದಲ್ಲಿ 'ಶವ ಸ್ವೀಕರಿಸಲಾಗಿದೆ' ಎಂದು ಬರೆದುಕೊಂಡರು. ನಮ್ಮ ಲೆಕ್ಕದಲ್ಲಿ ಜೀವಂತ ಹೋದವನು, ಅವರ ಲೆಕ್ಕದಲ್ಲಿ ಸತ್ತು ಬಂದವನು. ಸತ್ತದ್ದು ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ.

ಒಬ್ಬ ಶಾಸಕಿ, ಹಿಂದೆ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು, ಎರಡೂ ಇಲಾಖೆಗಳಿಗೆ ಒಂದೇ ಪ್ರಶ್ನೆ ಹಾಕಿದರು: ಕಳೆದ ವರ್ಷ ನಿಮ್ಮ ವಶದಲ್ಲಿದ್ದ ಸೈನಿಕ ಕೈದಿಗಳಲ್ಲಿ ಯಾರಾದರೂ ಸತ್ತಿದ್ದಾರೆಯೇ? ಸತ್ತಿದ್ದರೆ ಎಲ್ಲಿ? ಹೇಗೆ? ನೀವು ರಕ್ಷಣಾ ಇಲಾಖೆಯ ಗೆಳೆಯರಿಗೆ ಫೋನ್ ಮಾಡಿದಿರಿ. "ನೀವು ಇಲ್ಲ ಅನ್ನಿ, ನಾವೂ ಇಲ್ಲ ಅಂತೀವಿ, ಇಬ್ರೂ ನಿಜಾನೇ ಹೇಳಿದ ಹಾಗಾಗುತ್ತೆ" ಎಂದು ನಗುತ್ತಿದ್ದಿರಿ. ಎದುರಿಗೆ ಕೂತು ಕರಡು ಬರೆಯುತ್ತಿದ್ದವಳು ನಾನು. ಜೈಲಿನಿಂದ ಬಂದ ಕಾಗದಗಳ ನಡುವೆ ಗೇಟಿನ ದಿನಚರಿ ಪುಸ್ತಕದ ಒಂದು ಪುಟದ ಪ್ರತಿ ಇತ್ತು. ಯಾರೂ ಕೇಳದಿದ್ದರೂ ಯಾರೋ ಸೇರಿಸಿದ್ದರು. ಕಾವಲುಗಾರ ಬರೆದದ್ದು. ಕೈದಿ ಎನ್ನಲು ಚೀಟಿ ಬಿಡುತ್ತಿಲ್ಲ, ಭೇಟಿಗೆ ಬಂದವರೂ ಅಲ್ಲ, ಏನೆಂದು ಕರೆಯಬೇಕೋ ತಿಳಿಯದೆ ಆತ ಹೀಗೆ ಬರೆದಿದ್ದ:

'12.15. ಬೆಂಚಿನ ಮೇಲಿರುವವರು ನೀರು ಕೇಳಿದರು. ಕೊಟ್ಟೆ. 1.30. ಬೆಂಚಿನ ಮೇಲಿರುವವರು ಅಕ್ಕನಿಗೆ ಫೋನ್ ಮಾಡಿ ಎಂದರು. ಅಪ್ಪಣೆ ಕೇಳಿದೆ, ನಮಗೆ ಸಂಬಂಧವಿಲ್ಲ ಎಂದರು. 2.40. ಬೆಂಚಿನ ಮೇಲಿರುವವರು ತೀರಿಕೊಂಡರು. ನಾನು ಪಕ್ಕದಲ್ಲಿದ್ದೆ.'

ಪುಟವನ್ನು ನಿಮ್ಮ ಮುಂದಿಟ್ಟೆ. ಕನ್ನಡಕ ಏರಿಸಿ ಓದಿದಿರಿ. "ಇದು ಕೈದಿ ಮಾತಲ್ಲ ಪುಟ್ಟಿ, ಬೆಂಚಿನ ಮಾತು. ಪೀಠೋಪಕರಣ ವಿಭಾಗಕ್ಕೆ ಕಳ್ಸು" ಎಂದಿರಿ. ಮಾವ, ನಾನು ನಕ್ಕೆ. ನಿಮ್ಮನ್ನು ತುಚ್ಛವಾಗಿ ಕಾಣುವ ಹಕ್ಕು ನನಗೆ ಎಷ್ಟಿದೆ ಎಂದು ಅಳೆಯುವಾಗಲೆಲ್ಲ ಆ ನಗು ಅಡ್ಡ ಬರುತ್ತದೆ. ನಕ್ಕು, ಪುಟವನ್ನು ಕಡತದ ಕೊನೆಗೆ ಸೇರಿಸಿ, ಬರೆದೆ: (ಅ) ಇಲ್ಲ. (ಆ) ಮತ್ತು (ಇ) ಉದ್ಭವಿಸುವುದಿಲ್ಲ. ಮೂರು ತಿಂಗಳಾದ ಮೇಲೆ ನೀವು ಹೂಗುಚ್ಛ ಹಿಡಿದು ನಿವೃತ್ತರಾದಿರಿ.

ನೀವು ಹೋದ ವಾರದಲ್ಲೇ ಅವನ ಅಕ್ಕ ಬಂದರು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ಹೆಂಗಸು. ಅಮ್ಮ ಇಲ್ಲದ ತಮ್ಮನನ್ನು ಎತ್ತಿ ಬೆಳೆಸಿದವರು. ರಕ್ಷಣಾ ಇಲಾಖೆಯಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಐದು ಸಲ ಅಲೆದಿದ್ದರು. ಮರಣಪತ್ರದಲ್ಲಿ ಸತ್ತ ಸ್ಥಳದ ಮುಂದೆ ಖಾಲಿ ಇತ್ತು. "ಅಮ್ಮಾ, ನಂಗೆ ಯಾರ್ ಮೇಲೂ ಕೇಸ್ ಬೇಡ. ಎಲ್ಲಿ ಹೋದ, ಜೊತೇಲಿ ಯಾರಾದ್ರೂ ಇದ್ರಾ, ಇಷ್ಟು ಹೇಳಿ. ದಿನಾ ಮಿಷನ್ ಮುಂದೆ ಕೂತ್ರೆ ಅದೇ ಕಣ್ಮುಂದೆ ಬರುತ್ತೆ, ಒಬ್ಬನೇ ಬಿದ್ದಿರೋ ಹಾಗೆ" ಎಂದರು. ಉತ್ತರ ನನ್ನ ಬೀರುವಿನಲ್ಲಿತ್ತು. ಕೈಚಾಚಿದರೆ ಸಿಗುವಷ್ಟು ಹತ್ತಿರ. ನಾನು, "ಮಾಹಿತಿ ತರಿಸ್ಕೊಳ್ತಿದೀವಿ" ಎಂದೆ. ಹದಿನಾರು ವರ್ಷದ ತರಬೇತಿ ನನ್ನ ಬಾಯಿಂದ ತಾನಾಗಿಯೇ ಮಾತಾಡಿತು.

ಶಾಸಕಿ ಸುಮ್ಮನಾಗಲಿಲ್ಲ. ಎರಡು ಇಲಾಖೆಗಳ 'ಇಲ್ಲ' ಕೂಡಿಸಿದರೂ ಅವರ ಲೆಕ್ಕದಲ್ಲಿ ಒಂದು ಮರಣಪತ್ರ ಉಳಿಯುತ್ತಿತ್ತು. ಸದನಕ್ಕೆ ಸುಳ್ಳು ಹೇಳಲಾಗಿದೆಯೆಂದು ಹಕ್ಕುಚ್ಯುತಿ ದೂರು ಕೊಟ್ಟರು. ಸಮಿತಿ ಕರಡು ಬರೆದವಳನ್ನು ಕರೆಸಿತು. ನಿಮ್ಮ ಫೋನ್ ಬಂತು. "ಕಣ್ತಪ್ಪಿನಿಂದ ಆಯ್ತು, ಕ್ಷಮಿಸಿ ಅನ್ನು. ಚಹಾ ಕೊಟ್ಟು ಕಳಿಸ್ತಾರೆ, ಸಮಿತಿ ಅಂದ್ರೆ ಅಷ್ಟೇ. ಆ ಪುಟ ಕಡತದಲ್ಲಿ ಇರ್ಬೇಕಾಗಿಲ್ಲ, ಅರ್ಥ ಆಯ್ತಲ್ಲ? ಅಂದ ಹಾಗೆ ನಿನ್ನ ಲೇಖನ ಎಲ್ಲಿಗೆ ಬಂತು?" ಒಂದೇ ಉಸಿರಿನಲ್ಲಿ, ಮಾವ. ಫೋನ್ ಇಟ್ಟ ಮೇಲೆ ನನಗೆ ಕೋಪ ಬರಲಿಲ್ಲ. ಕೋಪ ದೊಡ್ಡವರ ಮೇಲೆ ಬರುತ್ತದೆ. ನೀವು ಇಷ್ಟು ಸಣ್ಣವರೇ ಎಂದು ಅಚ್ಚರಿಯಾಯಿತು, ನಿಮ್ಮ ನೆರಳಿನಲ್ಲಿ ನಾನು ಇನ್ನೆಷ್ಟು ಸಣ್ಣವಳಾಗಿ ಬೆಳೆದಿರಬಹುದೆಂದು ಅಳೆದು ನೋಡಿಕೊಂಡೆ.

ಆ ಕಾವಲುಗಾರನನ್ನು ಹುಡುಕಿ ಫೋನ್ ಮಾಡಿದೆ. ದೂರದ ಜೈಲಿಗೆ ವರ್ಗವಾಗಿದ್ದ. ಪುಟ ಹೊರಗೆ ಬಂದರೆ ನಿಮಗೆ ತೊಂದರೆಯಾಗಬಹುದು ಎಂದೆ. "ಬರ್ದಿದ್ದು ನಾನೇ ಮೇಡಂ. ಅಳಿಸ್ಬೇಕು ಅನ್ನಿಸಿದ್ರೆ ಅವತ್ತೇ ಅಳಿಸ್ತಿದ್ದೆ" ಎಂದ.

ನಿನ್ನೆ ಸಮಿತಿಯ ಮುಂದೆ ಹೋದೆ. ನೀವು ಹೇಳಿದಂತೆಯೇ ಚಹಾ ಬಂತು. ಒಬ್ಬ ಸದಸ್ಯರು ಬಿಸ್ಕತ್ತು ಅದ್ದಿ ತಿನ್ನುತ್ತಿದ್ದರು. ಅಧ್ಯಕ್ಷರು, "ಏನೋ ಕಣ್ತಪ್ಪು ಅಂತ ಕೇಳ್ಪಟ್ಟೆ, ಅಲ್ವಾಮ್ಮ?" ಎಂದು ಮೃದುವಾಗಿ ಕೇಳಿದರು. ಯಾರಿಂದ ಕೇಳ್ಪಟ್ಟರೆಂದು ನಾನು ಕೇಳಲಿಲ್ಲ. "ಕಣ್ತಪ್ಪಲ್ಲ ಸರ್, ಗೊತ್ತಿದ್ದೇ ಬರೆದೆ" ಎಂದು ಆ ಪುಟವನ್ನು ಗಟ್ಟಿಯಾಗಿ ಓದಿದೆ. ಅಧ್ಯಕ್ಷರು ಇದು ತಮ್ಮ ವ್ಯಾಪ್ತಿಯೋ, ರಕ್ಷಣಾ ಸಮಿತಿಯ ವ್ಯಾಪ್ತಿಯೋ ನೋಡಬೇಕೆಂದು ಗೊಣಗಿದರು. ಆದರೆ ಮೂಲೆಯಲ್ಲಿ ಕೂತಿದ್ದ ಶೀಘ್ರಲಿಪಿಗಾರ್ತಿ ತಲೆ ಎತ್ತದೆ ಅಷ್ಟನ್ನೂ ಬರೆದುಕೊಂಡಿದ್ದರು. ಸದನದ ಕಡತಕ್ಕೆ ಹೋದದ್ದನ್ನು ನೀವೂ ಚಪ್ಪಟೆ ಮಾಡಲಾರಿರಿ.

ನನ್ನನ್ನು ಅಮಾನತಿನಲ್ಲಿಟ್ಟ ಆದೇಶ ಸಂಜೆಗೇ ಸಿಕ್ಕಿತು. ನಮ್ಮ ಇಲಾಖೆ ಇಷ್ಟು ಚುರುಕಾಗಿ ಉತ್ತರ ಕೊಟ್ಟದ್ದನ್ನು ನಾನು ನೋಡಿದ್ದು ಇದೇ ಮೊದಲು. ಅಲ್ಲಿಂದ ನೇರ ಆ ಅಕ್ಕನ ಮನೆಗೆ ಹೋದೆ. ಹೊಲಿಗೆ ಯಂತ್ರದ ಪಕ್ಕ ನಿಂತೇ ಪುಟ ಓದಿದರು. ಎರಡು ಸಲ ಓದಿದರು. ಬೈಯುತ್ತಾರೆಂದು ಕಾದಿದ್ದೆ, ಬೈಯಬೇಕಿತ್ತು. "ನೀರು ಕೊಟ್ಟೋರು ಯಾವೂರ್ನೋರು?" ಎಂದು ಮಾತ್ರ ಕೇಳಿದರು. ಭಾನುವಾರ ನಾವಿಬ್ಬರೂ ಆತನನ್ನು ಕಾಣಲು ಹೋಗುತ್ತಿದ್ದೇವೆ.

ಈ ವಿದ್ಯೆ ಯಾರು ಕಲಿಸಿದರೆಂದು ನಿನ್ನೆ ಸಮಿತಿಯಲ್ಲಿ, ದೂರು ಕೊಟ್ಟವರಾಗಿ ಕೂತಿದ್ದ ಶಾಸಕಿ ಕೇಳಿದರು. ನಿಮ್ಮ ಹೆಸರು ಹೇಳಿದೆ. ಮುಂದಿನ ವಾರ ನಿಮಗೂ ಕರೆ ಬರುತ್ತದೆ. ಎದುರಿಗೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ಮೇಜು ಇರುತ್ತದೆ, ಒಂದು ಲೋಟ ಚಹಾ ಇರುತ್ತದೆ, ಒಂದೇ ಒಂದು ಪ್ರಶ್ನೆ ಇರುತ್ತದೆ: ನಿಮಗೆ ಗೊತ್ತಿತ್ತೇ?

ವಯಸ್ಸಿನಲ್ಲಿ ಚಿಕ್ಕವಳು ಹರಸಬಾರದು, ಆದರೂ ಹರಸುತ್ತೇನೆ. ಮೂವತ್ತೆಂಟು ವರ್ಷದ ಸೇವೆಯಲ್ಲಿ ಒಮ್ಮೆಯೂ ನಿಮ್ಮ ಬಾಯಿಗೆ ಬಾರದ 'ಹೌದು' ಎಂಬ ಮಾತು ಅವತ್ತು ಬರಲಿ. ಬಾರದಿದ್ದರೆ ನಮ್ಮ ಮನೆಯ ಬಾಗಿಲಿಗೆ ಬರಬೇಡಿ.

ನೀವು ಕಲಿಸಿದ್ದನ್ನು ನಿನ್ನೆ ಮರೆಯಲು ಶುರು ಮಾಡಿದ,
ನಿಮ್ಮ ಅಕ್ಕನ ಮಗಳು