ಬೇಳೆ ಬೇಯದ ಬಾವಿ

ನನ್ನ ಹೆತ್ತ ಆಯಿಗೆ,

ನೀನು ತೀರಿಹೋದ ಮೇಲೆ ಒಲೆ ನನ್ನ ಪಾಲಿಗೆ ಬಂತು. ಅದರ ಜೊತೆ ನಿನ್ನ ಪಾಲಿನ ಬೈಗುಳವೂ ಬಂತು. ಮೊದಲ ದಿನವೇ ಅಜ್ಜಿ ಸಾರಿನ ಬೇಯದ ಬೇಳೆಯನ್ನು ಬೆರಳಲ್ಲಿ ಹಿಚುಕಿ, "ನಿನ್ನ ಆಯಿ ಕೈಯೇ ನಿಂಗೂ ಬಂದದೆ" ಅಂದಳು. ಅಪ್ಪ ನಕ್ಕ. ನಾನು ಎಂದಿನಂತೆ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ.

ಮಳೆಗಾಲದಲ್ಲಿ ನೀನು ಸೂರಿನ ಕೆಳಗೆ ಕೊಡ ಇಟ್ಟು, ಆ ನೀರಲ್ಲೇ ಬೇಳೆ ಬೇಯಿಸುತ್ತಿದ್ದೆ, ನೆನಪಿದೆಯಾ? ಬೇಳೆ ಕರಗಿಹೋಗುತ್ತಿತ್ತು. ಇವತ್ತು ಮನಸ್ಸಿಟ್ಟು ಮಾಡಿದ್ದಾಳೆ ಅನ್ನುತ್ತಿದ್ದಳು ಅಜ್ಜಿ. ಬೇಸಿಗೆಯಲ್ಲಿ ಬಾವಿಯ ನೀರಿಗೆ ಅದೇ ಬೇಳೆ ಕಲ್ಲಾಗಿ ಉಳಿದರೆ ನೀನು ಸೋಮಾರಿ. ಪಾತ್ರೆಯ ತಳದ ಬಿಳಿ ಪೊರೆಗೆ ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ನಿನ್ನ ಉಗುರು ಸವೆದಿತ್ತು. ಆದರೂ ನಿನಗೆ ಪಾತ್ರೆ ತೊಳೆಯಲು ಬರುವುದಿಲ್ಲ ಎಂದು ನಮ್ಮೂರು ಚಿತ್ತಾಕುಲಕ್ಕೆಲ್ಲ ಗೊತ್ತು. ಆ ಬಾವಿಯನ್ನು ಯಾರಾದರೂ ಒಂದು ದಿನ ಬೈದರಾ?

ಹೋದ ತಿಂಗಳು ಗೀಸರ್ ಕೆಟ್ಟಿತು. ಕೋಡಿಬಾಗದಿಂದ ಬಂದ ರಿಪೇರಿಯವನು ನೀರು ಕಾಯಿಸುವ ಕಾಯಿಲ್ ಹೊರಗೆ ಎಳೆದ. ಅದರ ಮೈಮೇಲೆ ಸುಣ್ಣ ಗಟ್ಟಿಯಾಗಿ ಕೂತಿತ್ತು. ನಿಮ್ಮ ಬಾವಿಯದು ಗಡಸು ನೀರು, ಇದರಲ್ಲಿ ಸಾಬೂನು ನೊರೆ ಕೊಡುವುದಿಲ್ಲ, ಬೇಳೆಯೂ ಬೇಯುವುದಿಲ್ಲ ಅಂದ. ಅಪ್ಪ ಒಂದೇ ಮಾತಿಗೆ ನಂಬಿದ. "ಪಾಪ, ಇದಾದ್ರೂ ಎಂತ ಮಾಡ್ತದೆ" ಎಂದು ಗೀಸರ್ ಮೈ ಸವರಿದ. ಆಯಿ, ಗೀಸರ್ ಕೆಟ್ಟರೆ ತಪ್ಪು ನೀರಿನದು. ಬೇಳೆ ಬೇಯದಿದ್ದರೆ ಮಾತ್ರ ನಿನ್ನ...

ಆಮೇಲೆ ನೀರು ಮೆದು ಮಾಡುವ ಯಂತ್ರದವನು ಬಂದ. ಚಿಕ್ಕದು ಬಚ್ಚಲಿಗೆ ಸಾಕು, ದೊಡ್ಡದನ್ನು ಟ್ಯಾಂಕಿಗೆ ಕೂರಿಸಿದರೆ ಇಡೀ ಮನೆಗೆ ಆಗುತ್ತದೆ ಅಂದ. ಚಿಕ್ಕದೇ ಸಾಕು, ಗೀಸರ್ ಉಳಿದರೆ ಆಯಿತು ಅಂದ ಅಪ್ಪ. ಅಜ್ಜಿಯೂ ತಲೆಯಾಡಿಸಿದಳು. ಬಾಗಿಲ ಹಿಂದೆ ನಿಂತಿದ್ದ ನನಗೆ ಅದೆಲ್ಲಿಂದ ಧೈರ್ಯ ಬಂತೋ.

"ಅಡುಗೆಮನೆಗೂ ಬೇಕು ಅಪ್ಪ. ಇಲ್ಲದಿದ್ರೆ ನಾಳಿಂದ ಗೀಸರ್ ಹತ್ರನೇ ಊಟ ಕೇಳು."

ಯಂತ್ರದವನು ನಗು ತಡೆಯಲು ಆ ಕಡೆ ತಿರುಗಿದ. ದೊಡ್ಡದೇ ಬಂತು. ಯಂತ್ರದ ನೀರಿಗೆ ಉಪ್ಪಿನಂಶ ಸೇರುತ್ತದಂತೆ, ಕುಡಿಯಲು ಮಾತ್ರ ಬಾವಿಯ ನೀರನ್ನೇ ಕುದಿಸುತ್ತೇನೆ.

ನಿನ್ನೆ ತೊಗರಿ ಬೇಳೆ ಬೇಯಿಸಿದೆ. ನಿನ್ನದೇ ಒಗ್ಗರಣೆ. ಅಜ್ಜಿ ಎರಡನೇ ಸಲ ಬಡಿಸಿಕೊಂಡು, ಅಂತೂ ನಿನ್ನ ಕೈ ಸುಧಾರಿಸಿತು ಅಂದಳು.

"ಸುಧಾರಿಸಿದ್ದು ನೀರು ಅಜ್ಜಿ. ಕೈ ಆಯಿಯದೇ" ಅಂದೆ.

ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. ಬೇಳೆ ಮಾತ್ರ ಪೂರ್ತಿ ಖಾಲಿಯಾಯಿತು ಆಯಿ.